ಆಸ್ಪತ್ರೆಗೆ ಕೊಟ್ಟ ನಿಮ್ಮ ಮಾಹಿತಿ ಯಾರ ಯಾರ ಕೈ ಸೇರುತ್ತದೆ?

ಆಭಾ ಕಾರ್ಡ್ ಮಾಡಿಸಿದರೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ ಎನ್ನುವ ಸಂದೇಶ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಆಭಾ ಕಾರ್ಡ್ ಮಾಡಿಸಿದರೆ ನಿಮ್ಮ ಕಾಯಿಲೆಗಳ ಪೂರ್ತಿ ಪಟ್ಟಿ ಸರ್ಕಾರದ ಕಂಪ್ಯೂಟರ್ ಸೇರುತ್ತದೆ, ಅಲ್ಲಿಂದ ಇನ್ಶೂರೆನ್ಸ್ ಕಂಪನಿಗಳಿಗೆ ಮಾರಾಟವಾಗುತ್ತದೆ ಎನ್ನುವ ಸಂದೇಶ ಇನ್ನೊಂದು ಗುಂಪಿನಲ್ಲಿ. ಎರಡನ್ನೂ ಒಂದೇ ಬೆಳಿಗ್ಗೆ ಒಬ್ಬರೇ ಕಳಿಸುವುದೂ ಉಂಟು.

ಚುಟುಕಾಗಿ ಹೇಳುವುದಾದರೆ ಮೊದಲನೆಯದು ತಪ್ಪು. ಎರಡನೆಯದು ಕೂಡ, ಹಾಗೆ ಬರೆದಿರುವ ರೀತಿಯಲ್ಲಿ, ತಪ್ಪು. ಆದರೆ ಅದರ ಹಿಂದಿರುವ ಭಯಕ್ಕೆ ಆಧಾರವೇ ಇಲ್ಲ ಎನ್ನಲಾಗದು. ಭಾರತದಲ್ಲಿ ರೋಗಿಗಳ ಮಾಹಿತಿ ಸೋರಿದ ದೊಡ್ಡ ಪ್ರಕರಣಗಳು ನಡೆದಿವೆ. ಆದರೆ ಅವುಗಳನ್ನು ಒಂದೊಂದಾಗಿ ನೋಡಿದರೆ ಸೋರಿದ ಜಾಗ ಹೆಚ್ಚಾಗಿ ನಾವು ಹೆದರುವ ಜಾಗವಲ್ಲ. ಪಾಸ್‌ವರ್ಡ್ ಹಾಕದ ಸರ್ವರ್, ನೋಟಿಸ್ ಬೋರ್ಡಿಗೆ ಹೋಗಬಾರದಿದ್ದ ಪಟ್ಟಿ, ಮತ್ತು ತುಂಬ ಸಲ ನಮ್ಮ ನಿಮ್ಮ ಕೈಯಲ್ಲಿರುವ ಫೋನು.

ಹಾಗಾಗಿ ಚೀಟಿ ಬರೆಸುವ ಕೌಂಟರಿನಿಂದಲೇ ಶುರು ಮಾಡೋಣ.

ಒಂದು ಚೀಟಿಯಿಂದ ಎಷ್ಟು ದಾಖಲೆ

ಹೊರರೋಗಿ ವಿಭಾಗದಲ್ಲಿ ಹೆಸರು, ವಯಸ್ಸು, ಊರು, ಫೋನ್ ನಂಬರ್ ಕೊಟ್ಟ ಕೂಡಲೇ ನಿಮಗೊಂದು ರೋಗಿ ಸಂಖ್ಯೆ ಬರುತ್ತದೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಆ ಸಂಖ್ಯೆಗೆ ಅಂಟಿಕೊಳ್ಳುತ್ತದೆ. ಡಾಕ್ಟರು ಬರೆದದ್ದು, ರಕ್ತದ ಬಾಟಲಿಗೆ ಅಂಟಿಸಿದ ಬಾರ್‌ಕೋಡ್, ಸ್ಕ್ಯಾನ್ ಚಿತ್ರ, ಔಷಧ ಅಂಗಡಿಯ ಬಿಲ್ಲು, ನರ್ಸು ಗಂಟೆಗೊಮ್ಮೆ ಬರೆಯುವ ಜ್ವರ ಬಿ.ಪಿ. ಲೆಕ್ಕ ಎಲ್ಲವೂ. ಅಡ್ಮಿಟ್ ಆದರೆ ಇವೆಲ್ಲ ಸೇರಿ ಕೇಸ್ ಶೀಟ್ ಆಗುತ್ತದೆ. ಡಿಸ್ಚಾರ್ಜ್ ಆದ ಮೇಲೆ ಅದು ರೆಕಾರ್ಡ್ ರೂಮಿಗೆ ಹೋಗುತ್ತದೆ. ನಿಮ್ಮ ಕೈಗೆ ಬರುವ ಡಿಸ್ಚಾರ್ಜ್ ಸಮ್ಮರಿ ಅದರ ಎರಡು ಮೂರು ಪುಟದ ಸಾರಾಂಶ ಅಷ್ಟೆ.

ಆಸ್ಪತ್ರೆ ಕೇಳುವ ಕೆಲವು ವಿವರಗಳು ಚಿಕಿತ್ಸೆಗೆ ಬೇಕಾದವು, ಕೆಲವು ಕಾನೂನಿಗೆ ಬೇಕಾದವು. ಗರ್ಭಿಣಿಗೆ ಸ್ಕ್ಯಾನ್ ಮಾಡುವ ಪ್ರತಿ ಕೇಂದ್ರವೂ ಫಾರಂ ಎಫ್ ತುಂಬಿಸಲೇಬೇಕು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಕೇಳುವ ದಾಖಲೆ ಅದು, ಸ್ಕ್ಯಾನಿಂಗ್ ಸೆಂಟರಿನವರ ಕುತೂಹಲ ಅಲ್ಲ. ಹಳ್ಳಿಗಳಲ್ಲಿ ಆಸ್ಪತ್ರೆಗಿಂತ ಮೊದಲೇ ದಾಖಲೆ ಶುರುವಾಗಿರುತ್ತದೆ: ಆಶಾ ಕಾರ್ಯಕರ್ತೆಯ ಡೈರಿ, ತಾಯಿ ಕಾರ್ಡು, ಮಗುವಿನ ಲಸಿಕೆಯ ಲೆಕ್ಕ.

ಇಷ್ಟೆಲ್ಲ ಎಷ್ಟು ಕಾಲ ಇರುತ್ತದೆ? ವೈದ್ಯರಿಗೆ ಅನ್ವಯಿಸುವ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇಡಬೇಕು. ಅದಾದ ಮೇಲೆ ಅನೇಕ ಕಡೆ ಅದು ಸಿಗದೇ ಹೋಗಬಹುದು. ನಮ್ಮ ದೇಶದ ಅತಿ ದೊಡ್ಡ ಆರೋಗ್ಯ ದಾಖಲೆ ಸಂಗ್ರಹ ಯಾವುದೆಂದು ನನ್ನನ್ನು ಕೇಳಿದರೆ, ಮನೆಮನೆಯ ಬೀರುವಿನ ಮೇಲಿರುವ ಪ್ಲಾಸ್ಟಿಕ್ ಕವರುಗಳು ಎನ್ನುತ್ತೇನೆ. ಅದನ್ನು ಎಸೆಯಬೇಡಿ.

ನಿಮ್ಮನ್ನು ಕೇಳದೆ ಯಾರಿಗೆ ಹೇಳಬಹುದು?

ರೋಗಿಯ ಗುಟ್ಟನ್ನು ಡಾಕ್ಟರು ಹೊರಗೆ ಹೇಳಬಾರದು ಎನ್ನುವುದು ಒಳ್ಳೆಯತನದ ಮಾತಷ್ಟೇ ಅಲ್ಲ, ಮೇಲೆ ಹೇಳಿದ ನಿಯಮಗಳಲ್ಲೇ ಇದೆ. ಅದೇ ನಿಯಮಗಳು ಮೂರು ವಿನಾಯಿತಿಗಳನ್ನೂ ಕೊಡುತ್ತವೆ. ನ್ಯಾಯಾಧೀಶರು ಆದೇಶ ಮಾಡಿದಾಗ, ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ ಇದ್ದಾಗ, ಮತ್ತು ಕಾಯಿಲೆ ಸರ್ಕಾರಕ್ಕೆ ತಿಳಿಸಲೇಬೇಕಾದ ಪಟ್ಟಿಯಲ್ಲಿ ಇದ್ದಾಗ.

ಕ್ಷಯರೋಗ ಆ ಪಟ್ಟಿಯಲ್ಲಿದೆ. 2012ರಿಂದ ಖಾಸಗಿ ಡಾಕ್ಟರು, ಲ್ಯಾಬು ಕೂಡ ಪ್ರತಿ ಟಿ.ಬಿ. ರೋಗಿಯ ವಿವರವನ್ನು ತಿಳಿಸಬೇಕು; ಅದು ನಿಕ್ಷಯ್ ಪೋರ್ಟಲ್‌ಗೆ ಹೋಗುತ್ತದೆ. ಟಿ.ಬಿ. ಪತ್ತೆಯಾದ ಮೇಲೆ ಆರೋಗ್ಯ ಇಲಾಖೆಯವರು ಫೋನ್ ಮಾಡಿದರೆ ಡಾಕ್ಟರು ಗುಟ್ಟು ರಟ್ಟು ಮಾಡಿದರು ಎಂದುಕೊಳ್ಳಬೇಕಿಲ್ಲ. ಔಷಧ ತಪ್ಪದಂತೆ ನೋಡಿಕೊಳ್ಳುವುದು, ಮನೆಯವರನ್ನು ಪರೀಕ್ಷಿಸುವುದು ಆ ಕರೆಯ ಉದ್ದೇಶ. ಅಪಘಾತ, ವಿಷ ಸೇವನೆ, ಹಲ್ಲೆಯಂಥ ಪ್ರಕರಣಗಳಲ್ಲಿ ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ. ಇದನ್ನೇ ಎಂ.ಎಲ್.ಸಿ. ಎನ್ನುವುದು.

ಎಚ್‌ಐವಿ ವಿಷಯದಲ್ಲಿ ಕಾನೂನು ಬೆಳೆದ ದಾರಿ ಗಮನಿಸುವಂಥದ್ದು. ರಕ್ತ ಕೊಡಲು ಹೋದಾಗ ಎಚ್‌ಐವಿ ಇರುವುದು ಗೊತ್ತಾದ ಒಬ್ಬರ ವಿಷಯ ಚೆನ್ನೈನ ಆಸ್ಪತ್ರೆಯಿಂದ ಹೊರಬಿದ್ದು, ಅವರ ಮದುವೆ ಮುರಿದು, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮದುವೆಯಾಗಲಿರುವ ಹೆಣ್ಣಿಗೂ ತಿಳಿಯುವ ಹಕ್ಕಿದೆ ಎಂದು 1998ರಲ್ಲಿ ಕೋರ್ಟು ಆಸ್ಪತ್ರೆಯ ಪರ ನಿಂತಿತು. ಆಮೇಲೆ ಬಂದ 2017ರ ಎಚ್‌ಐವಿ ಕಾಯ್ದೆ ಇದಕ್ಕೊಂದು ಕ್ರಮ ಹಾಕಿತು. ರೋಗಿಯ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಸಂಗಾತಿಗೆ ತಿಳಿಸಲೇಬೇಕಾದ ಅಪಾಯ ಇದ್ದರೆ ಮೊದಲು ರೋಗಿಗೇ ಆಪ್ತ ಸಮಾಲೋಚನೆ ಕೊಟ್ಟು ಅವರೇ ಹೇಳುವಂತೆ ನೋಡಬೇಕು, ಅದಾಗದಿದ್ದರೆ ಮಾತ್ರ ಡಾಕ್ಟರೋ ಸಮಾಲೋಚಕರೋ ಹೇಳಬಹುದು. ಮಂಚಕ್ಕೆ ಎಲ್ಲರಿಗೂ ಕಾಣುವ ಹಾಗೆ ಚೀಟಿ ಅಂಟಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಗರ್ಭಪಾತದ ವಿಷಯವೂ ಹಾಗೆಯೇ. 18 ತುಂಬಿದ ಹೆಣ್ಣಿಗೆ ತನ್ನದೊಂದೇ ಒಪ್ಪಿಗೆ ಸಾಕು, ಗಂಡನ ಸಹಿ ಬೇಕೆನ್ನುವುದು ಕಾನೂನಿನಲ್ಲಿ ಇಲ್ಲ. ಅವಳ ಹೆಸರನ್ನು ಕಾನೂನು ಅಧಿಕಾರ ಇಲ್ಲದವರಿಗೆ ತಿಳಿಸಿದರೆ, 2021ರ ತಿದ್ದುಪಡಿಯ ನಂತರ, ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಇನ್ನು ಮನೆಯವರು. ಕಾಗದದಲ್ಲಿ ಎಲ್ಲೂ ಬರೆಯದ, ಆದರೆ ದಿನವೂ ನಡೆಯುವ ಹಂಚಿಕೆ ಇದು. ವರದಿ ಬಂದ ಮೇಲೆ ಮಗನನ್ನು ಹೊರಗೆ ಕರೆದು, ನಿಮ್ಮ ತಂದೆಗೆ ಕ್ಯಾನ್ಸರ್ ಇದೆ, ಅವರಿಗೆ ಹೇಳಬೇಡಿ ಎನ್ನುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ ಅದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಮನೆಯವರೇ ದುಡ್ಡು ಹೊಂದಿಸುತ್ತಾರೆ, ಮನೆಯವರೇ ರಾತ್ರಿ ಕಾಯುತ್ತಾರೆ. ಅವರನ್ನು ಹೊರಗಿಟ್ಟು ಚಿಕಿತ್ಸೆ ನಡೆಯುವುದೇ ಕಷ್ಟ, ನಿಜ. ಆದರೆ ಪ್ರಜ್ಞೆ ಇರುವ, ವಯಸ್ಕ ರೋಗಿಯ ಮಾಹಿತಿ ಮೊದಲು ಅವರದು. ಸೊಸೆಯ ಬಂಜೆತನದ ವರದಿ ಅತ್ತೆಯ ಕೈಗೆ, ಮಗಳ ಮಾನಸಿಕ ಚಿಕಿತ್ಸೆಯ ಚೀಟಿ ಚಿಕ್ಕಪ್ಪನ ಕೈಗೆ ಹೋದಾಗ ಆಗುವ ನಷ್ಟವನ್ನು ಯಾವ ಹ್ಯಾಕರೂ ಮಾಡಲಾರ. ಅಡ್ಮಿಟ್ ಮಾಡುವಾಗ ‘ನಿಮ್ಮ ವಿಷಯ ಯಾರಿಗೆ ಹೇಳಬಹುದು?’ ಎಂದು ರೋಗಿಯನ್ನೇ ಕೇಳಿ ಒಂದು ಹೆಸರು ಬರೆದುಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಆಸ್ಪತ್ರೆ ಕೇಳದಿದ್ದರೆ ನೀವೇ ಹೇಳಬಹುದು.

ಇನ್ಶೂರೆನ್ಸ್‌ಗೆ ಹೋಗುವುದು ನಿಮ್ಮ ಸಹಿಯಿಂದಲೇ

ಇನ್ಶೂರೆನ್ಸ್ ಕಂಪನಿಗೆ ನಿಮ್ಮ ಕಾಯಿಲೆಯ ವಿವರ ಗೊತ್ತಾಗಲು ಆಭಾ ಬೇಕಿಲ್ಲ. ಕ್ಯಾಶ್‌ಲೆಸ್ ಚಿಕಿತ್ಸೆಗೆ ಸಹಿ ಮಾಡುವ ಫಾರಂನಲ್ಲಿಯೇ ದಾಖಲೆ ನೋಡಲು ಒಪ್ಪಿಗೆಯ ಸಾಲು ಇರುತ್ತದೆ. ಆಮೇಲೆ ಕೇಸ್ ಶೀಟ್, ಸ್ಕ್ಯಾನ್, ಹಳೆಯ ಚೀಟಿ ಎಲ್ಲ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮ್ ನೋಡುವ ಏಜೆನ್ಸಿಗೆ ಹೋಗುತ್ತವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಪಡೆದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಇದೇ ರೀತಿ ದಾಖಲೆಗಳನ್ನು ಕಳಿಸಿ ಮಂಜೂರಾತಿ ಪಡೆಯಬೇಕು. ಹಣ ಕೊಡುವವರು ಯಾತಕ್ಕೆ ಎಂದು ನೋಡುವುದು ಸಹಜ. ಆದರೆ ಮಾಹಿತಿ ಇರುವ ಜಾಗ ಒಂದಿದ್ದದ್ದು ಮೂರಾಯಿತು ಎಂಬುದು ನೆನಪಿರಲಿ.

ಆ ಮೂರನೆಯ ಜಾಗದಲ್ಲಿ ಏನಾಗಬಹುದು ಎನ್ನುವುದು 2024ರಲ್ಲಿ ಕಂಡಿತು. ಸ್ಟಾರ್ ಹೆಲ್ತ್ ಇನ್ಶೂರೆನ್ಸ್ ಗ್ರಾಹಕರ ವಿವರಗಳು, ವೈದ್ಯಕೀಯ ವರದಿಗಳು ಟೆಲಿಗ್ರಾಂನ ಚಾಟ್‌ಬಾಟ್‌ಗಳಲ್ಲಿ ಕೇಳಿದವರಿಗೆ ಸಿಗುತ್ತಿದ್ದವು. 3 ಕೋಟಿಗೂ ಹೆಚ್ಚು ಜನರ ಮಾಹಿತಿ ತನ್ನಲ್ಲಿದೆ ಎಂದು ಹ್ಯಾಕರ್ ಹೇಳಿಕೊಂಡಿದ್ದ. ತನ್ನ ಮೇಲೆ ಸೈಬರ್ ದಾಳಿ ಆಗಿದೆ ಎಂದು ಕಂಪನಿಯೂ ಒಪ್ಪಿತು, ಮದ್ರಾಸ್ ಹೈಕೋರ್ಟಿಗೆ ಹೋಯಿತು.

ಹಾಗಾದರೆ ಆಭಾ ಏನು?

ಆಭಾ ಎಂದರೆ 14 ಅಂಕಿಯ ಒಂದು ಸಂಖ್ಯೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಭಾಗ. 5 ಲಕ್ಷದ ಚಿಕಿತ್ಸೆ ಕೊಡುವುದು ಆಯುಷ್ಮಾನ್ ಕಾರ್ಡ್. ಅದು 2018ರಲ್ಲಿ ಶುರುವಾದ ಬೇರೆಯೇ ಯೋಜನೆ, ಅದಕ್ಕೆ ಅರ್ಹತೆಯ ಷರತ್ತುಗಳಿವೆ. ಎರಡರ ಹೆಸರಲ್ಲೂ ಆಯುಷ್ಮಾನ್ ಇರುವುದರಿಂದ ಇಷ್ಟು ಗೊಂದಲ. ಹೆಸರಿಟ್ಟವರು ಇದನ್ನು ಸ್ವಲ್ಪ ಯೋಚಿಸಬಹುದಿತ್ತು.

ನಿಮ್ಮ ದಾಖಲೆಗಳೆಲ್ಲ ಒಂದೇ ದೊಡ್ಡ ಸರ್ಕಾರಿ ಕಂಪ್ಯೂಟರಿಗೆ ಹೋಗುತ್ತವೆ ಎನ್ನುವುದು ಈ ವ್ಯವಸ್ಥೆಯ ವಿನ್ಯಾಸವಲ್ಲ. ವರದಿ ತಯಾರಾದ ಆಸ್ಪತ್ರೆ ಅಥವಾ ಲ್ಯಾಬಿನಲ್ಲಿಯೇ ಇರುತ್ತದೆ. ಇಂಥ ರೋಗಿಯ ದಾಖಲೆ ಇಂಥ ಕಡೆ ಇದೆ ಎಂದು ಜೋಡಿಸುವ ಕೊಂಡಿ ಈ ಸಂಖ್ಯೆ. ಬೆಂಗಳೂರಿನ ಡಾಕ್ಟರಿಗೆ ನಿಮ್ಮ ಹುಬ್ಬಳ್ಳಿಯ ವರದಿ ಬೇಕಾದರೆ ಅವರು ಕೋರಿಕೆ ಕಳಿಸಬೇಕು; ನಿಮ್ಮ ಆ್ಯಪಿನಲ್ಲಿ ಯಾರು ಕೇಳುತ್ತಿದ್ದಾರೆ, ಯಾತಕ್ಕೆ, ಯಾವ ಯಾವ ದಾಖಲೆ, ಎಷ್ಟು ದಿನದ ಮಟ್ಟಿಗೆ ಎಂದು ಬರುತ್ತದೆ. ಒಪ್ಪಬಹುದು, ಬೇಡವೆನ್ನಬಹುದು, ಒಪ್ಪಿದ್ದನ್ನು ಆಮೇಲೆ ಹಿಂತೆಗೆದುಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ಅಂಟಿಸಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಟೋಕನ್ ಪಡೆದಾಗ ಹೋಗುವುದು ಹೆಸರು, ವಯಸ್ಸು, ಲಿಂಗ, ವಿಳಾಸ, ಫೋನ್ ನಂಬರಿನಂಥ ವಿವರ. ಕಾಯಿಲೆಯ ಇತಿಹಾಸ ಅದರ ಜೊತೆ ಹೋಗುವುದಿಲ್ಲ.

ಆಭಾ ಕಡ್ಡಾಯವೂ ಅಲ್ಲ. ಅದು ಇಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮಾಡಿಸಿಕೊಂಡವರು ಬೇಡವೆನಿಸಿದರೆ ಅಳಿಸಬಹುದು.

ಕಾಗದದ ಮೇಲೆ ಇದು ಚೆನ್ನಾಗಿದೆ. ನನ್ನ ಅನುಮಾನ ಇರುವುದು ಒಪ್ಪಿಗೆ ಪಡೆಯುವ ರೀತಿಯ ಬಗ್ಗೆ. 2021ರಲ್ಲಿ ಆಧಾರ್ ತೋರಿಸಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಅನೇಕರಿಗೆ ತಾವು ಕೇಳಿಯೇ ಇರದಿದ್ದ ಆರೋಗ್ಯ ಸಂಖ್ಯೆ ಪ್ರಮಾಣಪತ್ರದ ಮೇಲೆ ಕಂಡಿತ್ತು. ಉದ್ದನೆಯ ಸಾಲಿನಲ್ಲಿ ನಿಂತಾಗ ಕೌಂಟರಿನವರು ‘ಒಂದು ಒಟಿಪಿ ಬರುತ್ತೆ, ಹೇಳಿ’ ಎಂದರೆ ಯಾರು ತಾನೆ ಯಾತಕ್ಕೆ ಎಂದು ಕೇಳುತ್ತಾರೆ? ಹಿಂದಿನವರು ತಳ್ಳುತ್ತಿರುತ್ತಾರೆ. ಆದರೆ ಆ ಒಟಿಪಿ ನಿಮ್ಮ ಸಹಿ. ‘ಇದು ಯಾವುದಕ್ಕೆ?’ ಎಂಬ ಒಂದು ಪ್ರಶ್ನೆಗೆ ಹತ್ತು ಸೆಕೆಂಡು ಸಾಕು.

ಬೀಗ ಹಾಕದ ಬಾಗಿಲುಗಳು

2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳು ನಿಂತವು. ದಾಳಿಕೋರರು ಸರ್ವರುಗಳೊಳಗೆ ನುಗ್ಗಿ ಕಡತಗಳನ್ನು ತೆರೆಯಲಾಗದಂತೆ ಗೂಢಲಿಪಿಗೆ ತಿರುಗಿಸಿದ್ದರು. 5 ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೋಂದಣಿ, ಬಿಲ್ಲು, ಲ್ಯಾಬ್ ವರದಿ ಎಲ್ಲವೂ ದಿನಗಟ್ಟಲೆ ಕೈಬರಹಕ್ಕೆ ಮರಳಿದವು. ಇಲ್ಲಿ ಗುಟ್ಟು ಹೊರಬೀಳುವುದು ಒಂದು ಭಯವಾದರೆ, ಡಾಕ್ಟರಿಗೇ ಹಳೆಯ ವರದಿ ಸಿಗದೇ ಹೋಗುವುದು ಇನ್ನೊಂದು. ಮಾಹಿತಿಯನ್ನು ಕಾಪಾಡುವುದು ಎಂದರೆ ಬೇಡದವರಿಗೆ ಸಿಗದಂತೆ ಮಾಡುವುದಷ್ಟೇ ಅಲ್ಲ, ಬೇಕಾದವರಿಗೆ ಬೇಕಾದಾಗ ಸಿಗುವಂತೆ ಇಡುವುದು ಕೂಡ.

ಸರ್ಕಾರ ಹೇಳಿದ ಕಾರಣ, ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಎನ್ನುವುದು. ಒಂದು ಮನೆಯ ಮುಂಬಾಗಿಲು ಒಡೆದರೆ ಒಳಗಿನ ಯಾವ ಕೋಣೆಗೂ ಬಾಗಿಲೇ ಇಲ್ಲದಿದ್ದರೆ ಹೇಗೋ ಹಾಗೆ. ಬಿಲ್ಲಿಂಗ್ ಕಂಪ್ಯೂಟರಿಗೆ ನುಗ್ಗಿದ ವೈರಸ್ ಸ್ಕ್ಯಾನ್ ಕೋಣೆಗೆ ಹೋಗಬಾರದು. ಪ್ರತಿ ವಿಭಾಗಕ್ಕೂ ನಡುವೆ ಗೋಡೆ ಇರಬೇಕು. ಜೊತೆಗೆ ನೆಟ್‌ವರ್ಕಿಗೆ ಸಿಕ್ಕಿಸದ ಬ್ಯಾಕಪ್ ಬೇಕು, ಯಾರು ಯಾವ ರೋಗಿಯ ಕಡತ ತೆರೆದರು ಎಂಬ ದಾಖಲೆ ಬೇಕು, ಸ್ವಾಗತಕಾರರ ಲಾಗಿನ್‌ಗೆ ಮನೋವೈದ್ಯರ ಟಿಪ್ಪಣಿ ಕಾಣದಂತೆ ಇರಬೇಕು. ಇಡೀ ವಾರ್ಡು ಒಂದೇ ಪಾಸ್‌ವರ್ಡ್ ಬಳಸಿ, ಅದನ್ನು ಮಾನಿಟರಿಗೆ ಅಂಟಿಸಿದ್ದರೆ ಇದರಲ್ಲಿ ಯಾವುದೂ ಕೆಲಸ ಮಾಡುವುದಿಲ್ಲ.

ಸ್ಕ್ಯಾನ್ ಚಿತ್ರಗಳ ಕಥೆ ಇನ್ನೂ ಸರಳ. ಸಿ.ಟಿ., ಎಂ.ಆರ್.ಐ., ಎಕ್ಸ್‌ರೇ ಚಿತ್ರಗಳ ಕಡತದೊಳಗೇ ರೋಗಿಯ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ವಿವರ ಸೇರಿರುತ್ತವೆ. ಇಂಥ ಚಿತ್ರಗಳನ್ನಿಡುವ ಸರ್ವರುಗಳು ಜಗತ್ತಿನ ಅನೇಕ ಕಡೆ ಯಾವ ಪಾಸ್‌ವರ್ಡೂ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿವೆ ಎಂದು ಜರ್ಮನಿಯ ಗ್ರೀನ್‌ಬೋನ್ ಎಂಬ ಕಂಪನಿ 2019-20ರಲ್ಲಿ ತೋರಿಸಿತು. ಭಾರತದ ಕೋಟಿಗಟ್ಟಲೆ ಚಿತ್ರಗಳು ಅದರಲ್ಲಿದ್ದವು, ಕರ್ನಾಟಕದವೂ ಸೇರಿ. ಯಾರೂ ಬೀಗ ಒಡೆದಿರಲಿಲ್ಲ, ಬೀಗವೇ ಇರಲಿಲ್ಲ.

2025ರಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿಯಿಂದ ಮಹಿಳೆಯರ ಪರೀಕ್ಷೆಯ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂ ಮೂಲಕ ಹೊರಬಂದವು, ಮಾರಾಟವೂ ಆದವು. ಊಹಿಸಲು ಸುಲಭವಾದ ಪಾಸ್‌ವರ್ಡ್ ಕಾರಣ ಎಂದು ವರದಿಗಳು ಹೇಳಿದವು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಪರೀಕ್ಷೆಯ ಕೋಣೆಯಲ್ಲಿ ಕ್ಯಾಮೆರಾ ಯಾಕಿತ್ತು ಎನ್ನುವುದು. ಸಂಗ್ರಹಿಸದ ಮಾಹಿತಿ ಸೋರುವುದಿಲ್ಲ.

ಪಟ್ಟಿ ಫಾರ್ವರ್ಡ್ ಆದಾಗ

2020ರ ಮಾರ್ಚ್ ಕೊನೆಯಲ್ಲಿ, ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದ ಸಾವಿರಾರು ಜನರ ಮನೆ ವಿಳಾಸಗಳನ್ನು ಕರ್ನಾಟಕ ಸರ್ಕಾರ ಜಿಲ್ಲಾವಾರು ಪ್ರಕಟಿಸಿತು. ಆ ಪಟ್ಟಿಗಳು ಮೊಬೈಲಿಂದ ಮೊಬೈಲಿಗೆ ಹರಿದವು. ಅವರಲ್ಲಿ ಹೆಚ್ಚಿನವರಿಗೆ ಸೋಂಕೇ ಇರಲಿಲ್ಲ, ಅವರು ವಿಮಾನದಲ್ಲಿ ಬಂದಿದ್ದರು ಅಷ್ಟೆ. ಹೊರಗೆ ಓಡಾಡಿದರೆ ನೆರೆಯವರು ತಿಳಿಸಲಿ ಎಂಬುದು ಸರ್ಕಾರದ ವಾದ. ಆದರೆ ಹೀಗೆ ವಿಳಾಸ ಹೊರಬಿದ್ದ ಮೇಲೆ ಹಾಲಿನವನು ಬರುವುದು ನಿಲ್ಲಿಸಬಹುದು, ಮನೆ ಮಾಲೀಕರು ಖಾಲಿ ಮಾಡಿ ಎನ್ನಬಹುದು, ಮತ್ತು ಮುಂದಿನ ಸಲ ಜ್ವರ ಬಂದವರು ಪರೀಕ್ಷೆಗೇ ಹೋಗದೆ ಇರಬಹುದು. ಸೋಂಕು ತಡೆಯಲು ಹೊರಟವರಿಗೆ ಈ ಕೊನೆಯದೇ ಹೆಚ್ಚು ಅಪಾಯಕಾರಿ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಜನ ಡಾಕ್ಟರಿಗೆ ನಿಜ ಹೇಳುತ್ತಾರೆ.

ಹೆಸರು ಇಲ್ಲವಲ್ಲ, ವಿಳಾಸ ಅಥವಾ ವಯಸ್ಸು ಮಾತ್ರ ಇದೆಯಲ್ಲ ಎನ್ನುವವರಿಗೆ ಅಮೆರಿಕದ ಒಂದು ಪ್ರಸಿದ್ಧ ಉದಾಹರಣೆ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯ ಸ್ವೀನಿ ಅದನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ, ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಯಾವುದೆಂದು ಹುಡುಕಿ ತೆಗೆದರು. ಬೇಕಾಗಿದ್ದು ಮೂರೇ ವಿವರ: ಹುಟ್ಟಿದ ದಿನ, ಲಿಂಗ, ಪಿನ್‌ಕೋಡಿನಂಥ ಅಂಚೆ ಸಂಖ್ಯೆ. ಈ ಮೂರು ಸೇರಿದರೆ ಅಮೆರಿಕದ ಶೇ. 87ರಷ್ಟು ಜನರನ್ನು ಬೇರ್ಪಡಿಸಿ ಗುರುತಿಸಬಹುದು ಎಂದು ಅವರು ಲೆಕ್ಕ ಹಾಕಿದ್ದರು. ನಮ್ಮೂರುಗಳಲ್ಲಿ ಇಷ್ಟೂ ಬೇಕಿಲ್ಲ. ‘ಇಂಥ ಹಳ್ಳಿಯ 34 ವರ್ಷದ ಮಹಿಳೆ, ಮೊನ್ನೆ ಮುಂಬೈನಿಂದ ಬಂದವರು’ ಎಂದರೆ ಅಂಗಡಿ ಕಟ್ಟೆಯ ಮೇಲೆ ಕೂತವರು ಮನೆ ತೋರಿಸುತ್ತಾರೆ.

ಈಗ ನಿಮ್ಮ ಫೋನಿನ ಗ್ಯಾಲರಿ ತೆರೆದು ನೋಡಿ. ಯಾರದೋ ಸ್ಕ್ಯಾನ್ ವರದಿ, ಐಸಿಯುವಿನಲ್ಲಿ ಮಲಗಿದ ಮಗುವಿನ ಫೋಟೊ, ಸಹಾಯ ಕೇಳುವ ಪೋಸ್ಟಿನ ಜೊತೆ ಬಂದ ಡಿಸ್ಚಾರ್ಜ್ ಸಮ್ಮರಿ. ಸಹಾಯದ ಪೋಸ್ಟುಗಳ ಬಗ್ಗೆ ಕಟುವಾಗಿ ಮಾತಾಡುವುದು ನನಗೆ ಕಷ್ಟ. ಸಾಕ್ಷಿ ಇಲ್ಲದೆ ಯಾರೂ ಹಣ ಹಾಕುವುದಿಲ್ಲ, ಸಾಕ್ಷಿ ಎಂದರೆ ವರದಿಯೇ. ಆದರೆ ಚಿಕಿತ್ಸೆ ಮುಗಿದ ಎಷ್ಟೋ ವರ್ಷದ ನಂತರವೂ ಆ ಮಗುವಿನ ಹೆಸರು, ಕಾಯಿಲೆ, ಫೋಟೊ ತಿರುಗುತ್ತಲೇ ಇರುತ್ತವೆ, ಕೆಲವೊಮ್ಮೆ ಬೇರೆಯವರ ಬ್ಯಾಂಕ್ ಖಾತೆಯ ಸಂಖ್ಯೆಯೊಂದಿಗೆ. ವರದಿಯ ಬದಲು ಆಸ್ಪತ್ರೆ ಕೊಟ್ಟ ಖರ್ಚಿನ ಅಂದಾಜು ಪತ್ರ ಹಾಕಿ, ಆಸ್ಪತ್ರೆಯ ಖಾತೆಗೇ ಹಣ ಕಟ್ಟುವ ದಾರಿ ಕೊಟ್ಟರೆ ನಂಬಿಕೆಯೂ ಉಳಿಯುತ್ತದೆ, ರೋಗದ ವಿವರವೂ ಕಡಿಮೆ ಹೋಗುತ್ತದೆ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯಕ್ಕೆ ವರದಿ ಕಳಿಸಲೇಬೇಕಾದರೆ ಗುಂಪಿಗೆ ಹಾಕದೆ ಅವರಿಗೊಬ್ಬರಿಗೇ ಕಳಿಸಿ. ಗುಂಪಿನಲ್ಲೇ ಕೇಳುವುದಾದರೆ ಹೆಸರನ್ನು ಮುಚ್ಚಿದರೆ ಸಾಲದು. ರೋಗಿ ಸಂಖ್ಯೆ, ಫೋನ್ ನಂಬರ್, ಬಾರ್‌ಕೋಡ್, ಎಕ್ಸ್‌ರೇ ಮೂಲೆಯಲ್ಲಿ ಮುದ್ರಿಸಿದ ಚಿಕ್ಕ ಅಕ್ಷರಗಳು ಎಲ್ಲ ಹೋಗಬೇಕು. ಮುಖ್ಯವಾಗಿ ಕ್ಯೂಆರ್ ಕೋಡ್: ಎಷ್ಟೋ ಲ್ಯಾಬುಗಳ ವರದಿಯ ಮೇಲಿನ ಕೋಡನ್ನು ಸ್ಕ್ಯಾನ್ ಮಾಡಿದರೆ ಹೆಸರು ಸಹಿತ ಪೂರ್ತಿ ವರದಿಯೇ ತೆರೆದುಕೊಳ್ಳುತ್ತದೆ. ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿದರೆ ಅದು ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಅಕ್ಷರ ಮತ್ತೆ ಕಾಣುತ್ತದೆ. ಚಿತ್ರವನ್ನು ಕತ್ತರಿಸುವುದೇ ಮೇಲು.

ಕಾನೂನು ಎಲ್ಲಿಯವರೆಗೆ ಬಂದಿದೆ

2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2011ರ ಐ.ಟಿ. ನಿಯಮಗಳು ಆರೋಗ್ಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಕರೆದರೂ ಅವು ಕಂಪನಿಗಳಿಗೆ ಮಾತ್ರ. ಸರ್ಕಾರಿ ಆಸ್ಪತ್ರೆ ಅದರ ಹೊರಗೇ ಉಳಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎರಡಕ್ಕೂ ಅನ್ವಯಿಸುತ್ತದೆ. ಭದ್ರತೆಯಲ್ಲಿ ನಿರ್ಲಕ್ಷ್ಯ ತೋರಿದರೆ 250 ಕೋಟಿ ರೂಪಾಯಿವರೆಗೆ ದಂಡ. ಮಾಹಿತಿ ಸೋರಿದರೆ ಸಂಬಂಧಪಟ್ಟ ರೋಗಿಗೆ ತಿಳಿಸಲೇಬೇಕು. ಪ್ರಾಣಾಪಾಯದ ತುರ್ತಿನಲ್ಲಿ ಒಪ್ಪಿಗೆಗೆ ಕಾಯಬೇಕಿಲ್ಲ. ಆದರೆ ಕಾಯ್ದೆಯ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ. ಅಲ್ಲದೆ ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ರೆಕಾರ್ಡ್ ರೂಮಿನ ಕಾಗದದ ಕಂತೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆರೋಗ್ಯ ಮಾಹಿತಿಗೆಂದೇ ಹೆಚ್ಚಿನ ರಕ್ಷಣೆಯನ್ನೂ ಅದು ಕೊಟ್ಟಿಲ್ಲ. ನಿಮ್ಮ ಎಚ್‌ಐವಿ ವರದಿಯೂ ಪಿಜ್ಜಾ ಆರ್ಡರಿನ ವಿಳಾಸವೂ ಅದರ ಕಣ್ಣಿಗೆ ಒಂದೇ ವರ್ಗ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಬಳಸಬಹುದು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು ಎಂದು 2002ರ ನಿಯಮಗಳಲ್ಲಿದೆ. ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಡಾಕ್ಟರು ಗುಟ್ಟು ಬಿಟ್ಟುಕೊಟ್ಟರೆ ಅಥವಾ ರೋಗಿ ಯಾರೆಂದು ತಿಳಿಯುವಂಥ ಫೋಟೊವನ್ನು ಅನುಮತಿ ಇಲ್ಲದೆ ಪ್ರಕಟಿಸಿದರೆ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಖಾಸಗಿ ಆಸ್ಪತ್ರೆಯ ವಿರುದ್ಧದ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ನಿಮ್ಮ ಕಾಯಿಲೆಯ ವಿವರ ಹೇಳಿಯೇ ಯಾರಾದರೂ ಫೋನಿನಲ್ಲಿ ಹಣ ಕಿತ್ತಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮತ್ತು ಫೋನ್ ನಂಬರ್ ಬದಲಿಸಿದಾಗ ಬ್ಯಾಂಕಿಗೆ ತಿಳಿಸುವ ಹಾಗೆ ಆಸ್ಪತ್ರೆಗೂ ಲ್ಯಾಬಿಗೂ ತಿಳಿಸಿ. ಬಿಟ್ಟ ನಂಬರನ್ನು 90 ದಿನದ ನಂತರ ಮೊಬೈಲ್ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಮುಂದಿನ ರಕ್ತ ಪರೀಕ್ಷೆಯ ವರದಿ ವಾಟ್ಸ್‌ಆ್ಯಪಿನಲ್ಲಿ ಹೋಗುವುದು ಅವರಿಗೆ. ಒಂದು ವೇಳೆ ಬೇರೆಯವರ ವರದಿ ನಿಮ್ಮ ಫೋನಿಗೆ ಬಂದರೆ ಅದರ ಮೇಲಿರುವ ಲ್ಯಾಬಿನ ನಂಬರಿಗೆ ಕರೆ ಮಾಡಿ ಹೇಳಿ, ಆಮೇಲೆ ಅಳಿಸಿ. ವರದಿ ತಲುಪಬೇಕಾದವರಿಗೆ ತಲುಪಿಲ್ಲ ಎನ್ನುವುದು ಆ ಲ್ಯಾಬಿಗೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ.